ಕಲ್ಲಿನ ಮೇಲೆ ಕೂತವರು

ಬಾಯಾರ ಬಲಗೈ ತೋರುಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಕೆಂಪು ಪುಡಿ ಇರುತ್ತಿತ್ತು. ಬಾದಾಮಿ ಗುಡ್ಡದ ಕಲ್ಲಿನ ಪುಡಿ. ಸೋಪು, ಸೀಗೆಕಾಯಿ ಯಾವುದಕ್ಕೂ ಬಗ್ಗುತ್ತಿರಲಿಲ್ಲ. ಅದೇ ಬೆರಳಿನಿಂದ ಕರಿಹಲಗೆ ಕುಟ್ಟಿ "ಇಲ್ಲಿ ನೋಡ್ರಿ" ಎಂದರೆ ಇಡೀ ಕ್ಲಾಸು ಮಿಸುಕುತ್ತಿರಲಿಲ್ಲ. ಕೊರಳಲ್ಲಿ ಎರಡು ವಸ್ತು: ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗ, ಕಪ್ಪು ದಾರದಲ್ಲಿ ಪುಟ್ಟ ಭೂತಗನ್ನಡಿ. ತಾಳಿ ಇರಲಿಲ್ಲ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, "ಪುರಸೊತ್ತ ಸಿಗಲಿಲ್ರಿ" ಎಂದು ಹೇಳಿ ಮುಂದೆ ಹೋಗಿಬಿಡುತ್ತಿದ್ದರು.

ಬಾಗಲಕೋಟೆಯ ಕಾಲೇಜಿನಲ್ಲಿ ಅವರು ನಮಗೆ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಎಪ್ಪತ್ತರ ದಶಕದ ಮಾತು. ಉಳಿದವರೆಲ್ಲ ಮೇಡಂ ಎನ್ನುತ್ತಿದ್ದರು. ಇಳಕಲ್ಲಿನ ನೇಕಾರರ ಮನೆಯಿಂದ ಬಂದ ನನ್ನ ಬಾಯಿಗೆ ಆ ಪದ ಹೊಂದಲಿಲ್ಲ. ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಕರೆಯುತ್ತಿದ್ದ ಹಾಗೆ ಬಾಯಾರು ಎಂದೇ ಕರೆದೆ. ಮೊದಲ ಪ್ರಾಕ್ಟಿಕಲ್‌ನಲ್ಲಿ ನಾನು ಬಿಡಿಸಿದ ದತ್ತೂರಿ ಹೂವನ್ನು ನೋಡಿ, "ಯಾರ ಮಗಳವಾ ನೀ?" ಎಂದು ಕೇಳಿದರು. ಹೇಳಿದೆ. "ಅದಕ್ಕ ಮತ್ತ! ಎಳಿ ಎಣಿಸೋ ಕಣ್ಣು ಅದಾವ ನಿನಗ. ರವಿವಾರ ನನ್ನ ಜೋಡಿ ಗುಡ್ಡಕ್ಕ ಬಾ."

ಆ ರವಿವಾರದಿಂದ ನನ್ನ ಸುಖ ಮುಗಿಯಿತು. ಮುಂಜಾನೆಯ ಮೊದಲ ಬಸ್ಸು, ಕೆರೂರಿನಲ್ಲಿ ಒಂದು ಚಹಾ, ಬಾದಾಮಿಯಲ್ಲಿ ಇನ್ನೊಂದು ಬಸ್ಸು. ಪಟ್ಟದಕಲ್ಲಿಗೆ ಇನ್ನೂ ಅರ್ಧ ದಾರಿ ಇರುವಾಗಲೇ ಕಂಡಕ್ಟರನ ಬೈಗುಳ ತಿಂದು ಇಳಿಯುವುದು. ಬಾಯಾರು ಸೀರೆಯನ್ನು ಕಚ್ಚೆ ಹಾಕಿ ಗುಡ್ಡ ಹತ್ತಿದರೆ ಮೇಯುವ ಆಡುಗಳೂ ದಾರಿ ಬಿಡುತ್ತಿದ್ದವು. ನಾನು ಹಿಂದೆ ಏದುಸಿರು ಬಿಡುತ್ತ ಮನಸ್ಸಿನಲ್ಲೇ ಶಪಿಸುತ್ತಿದ್ದೆ.

ಆ ಗಿಡ ಸಿಕ್ಕಿದ್ದು ಒಂದು ಶ್ರಾವಣದಲ್ಲಿ. ದೊಡ್ಡ ಕೆಂಪು ಕಲ್ಲೊಂದು ಸೀಳಿ, ಆ ಸೀಳಿನೊಳಗೆ ವರ್ಷವಿಡೀ ನೀರು ಜಿನುಗುತ್ತಿತ್ತು. ಹೊರಗೆ ಜಾಲಿ, ಕಳ್ಳಿ. ಒಳಗೆ ಪಾಚಿ, ತಂಪು. ಅಲ್ಲಿ ಹನ್ನೊಂದು ಗಿಡ, ಗೇಣುದ್ದದವು. ಎರಡರಲ್ಲಿ ಮಾತ್ರ ಹೂವು. ಬಿಳಿ ಹೂವಿನ ಕೆಳತುಟಿಗೆ ಸೆರಗಿನ ಕುಚ್ಚಿನಂತೆ ಸಣ್ಣ ಎಳೆಗಳು. ಬಾಯಾರು ಹೊಟ್ಟೆ ಅಡಿಯಾಗಿ ಮಲಗಿ, ಭೂತಗನ್ನಡಿ ಹಿಡಿದು, ಎರಡೂ ಹೂವನ್ನು ಒಂದೊಂದಾಗಿ ನೋಡಿದರು. ಆಮೇಲೆ ಎದ್ದು ಕೂತು, "ಇದು ಆರ್ಕಿಡ್. ಇದರ ಬಳಗೆಲ್ಲಾ ಘಟ್ಟದ ಮಳಿಕಾಡಿನಾಗ ಐತಿ. ಇದೊಂದು ಇಲ್ಲೇ ಉಳಕೊಂಡೈತಿ. ಯಾವ ಪುಸ್ತಕದಾಗೂ ನಾ ನೋಡಿಲ್ಲಿದನ್ನ" ಎಂದರು. ಕಣ್ಣಲ್ಲಿ ನೀರಿತ್ತು.

ಕಲ್ಲಿನ ಆಚೆ ಬದಿಯಿಂದ ಉಳಿ ಸುತ್ತಿಗೆಯ ಸದ್ದು ಬರುತ್ತಿತ್ತು. ಗುತ್ತಿಗೆದಾರನೊಬ್ಬ ಆ ಗುಡ್ಡದಲ್ಲಿ ಕಟ್ಟಡದ ಕಲ್ಲು ತೆಗೆಸುತ್ತಿದ್ದ. ಇನ್ನೊಂದು ವರ್ಷಕ್ಕೆ ಈ ಸೀಳಿನವರೆಗೆ ಬರುತ್ತಾರೆ ಎಂದು ಅಲ್ಲಿನ ಮುದುಕ ಮೇಸ್ತ್ರಿ ಹೇಳಿದ. ಹೆಸರೇ ಇಲ್ಲದ ಗಿಡದ ಪರವಾಗಿ ಯಾರ ಮುಂದೆ ಹೋಗಿ ನಿಲ್ಲುವುದು? ಗಿಡ ಹೊಸದೆಂದು ತಿಳಿದವರು ಒಪ್ಪಬೇಕು, ವರ್ಣನೆ ಅಚ್ಚಾಗಬೇಕು. ಅದಕ್ಕೆ ಒಂದು ಹೂದಂಟನ್ನು ಕಾಗದದ ನಡುವೆ ಒತ್ತಿ ಒಣಗಿಸಿ ಕಳಿಸಬೇಕು. ಬಾಯಾರು ಗಡ್ಡೆ ಮುಟ್ಟದೆ ಒಂದೇ ದಂಟು ಕತ್ತರಿಸಿದರು. ಇನ್ನೊಂದು ಹೂವನ್ನು ಬೀಜಕ್ಕೆ ಬಿಟ್ಟರು.

ಇನ್ನು ನನ್ನ ಪ್ರತಾಪ ಹೇಳಬೇಕು. ಬಾಯಾರು ಪುಸ್ತಕ ನೋಡಲು ಧಾರವಾಡಕ್ಕೆ ಹೊರಟಾಗ ಹೂವು ಒತ್ತಿದ ಹಲಗೆಯನ್ನು ನನ್ನ ಕೈಗೆ ಕೊಟ್ಟು, "ದಿನಾ ಎರಡು ಸರ್ತಿ ಕಾಗದ ಬದಲಿಸು, ಗಾಳಿಗಿಡು, ಅಷ್ಟ" ಎಂದಿದ್ದರು. ನಾನಿದ್ದದ್ದು ಸೋದರತ್ತೆಯ ಮನೆಯಲ್ಲಿ. ಮೂರು ದಿನ ಜಿಟಿಜಿಟಿ ಮಳೆ, ಕಾಗದವೆಲ್ಲ ಹಸಿ. ಬೂಷ್ಟು ಹಿಡಿದರೆ ಗತಿಯೇನೆಂದು ಜೀವ ಕೈಯಲ್ಲಿ ಹಿಡಿದು ಕೂತವಳಿಗೆ ಅಡುಗೆಮನೆಯ ಒಲೆ ಕಂಡಿತು. ಅತ್ತೆ ಒಲೆಯ ಪಕ್ಕ ರೊಟ್ಟಿ ನಿಲ್ಲಿಸಿ ಖಡಕ್ ಮಾಡುತ್ತಿದ್ದಳು. ರೊಟ್ಟಿ ಅಷ್ಟು ಚೆಂದ ಒಣಗುವಾಗ ಹೂವು ಒಣಗದೇ? ರೊಟ್ಟಿ ಸರಿಸಿ ಹಲಗೆ ನಿಲ್ಲಿಸಿದೆ. ಬೆಳಿಗ್ಗೆ ಬಿಚ್ಚಿದರೆ ಹೂವು ಕರಿ ಹಪ್ಪಳ. ಮುಟ್ಟಿದೆ, ಕುಚ್ಚೆಲ್ಲ ಉದುರಿತು.

ಬಾಯಾರ ಮುಂದೆ ನಿಂತು ಗೊಳೋ ಎಂದು ಅತ್ತುಬಿಟ್ಟೆ. ಅವರು ಕಾಗದ ಬಿಡಿಸಿ ನೋಡಿದರು. ಬೈಯುತ್ತಾರೆ ಎಂದು ಕಾದೆ. "ಜ್ವಾಳದ ನಾಡಿನ ಬುದ್ಧಿ! ಎಲ್ಲಾನೂ ರೊಟ್ಟಿನ ಅನ್ಕೊಂಡಿ" ಎಂದು ಒಮ್ಮೆ ನಕ್ಕರು.

"ಇನ್ನೊಂದು ಹೂವು ಐತಲ್ರಿ, ತರೂಣಲ್ರಿ?" ಎಂದೆ.

"ಅದು ಅದರದು. ನಮ್ಮದಲ್ಲ."

ಆ ಕರಕಲನ್ನೇ, ತೋಚಿದಷ್ಟು ವಿವರ ಬರೆದು, ದೂರದೂರಿನ ದೊಡ್ಡ ತಜ್ಞರೊಬ್ಬರಿಗೆ ಕಳಿಸಿದರು. ಉತ್ತರ ಬಂದ ದಿನ ಅರ್ಧ ಕಾಗದ ನನಗೆ ಓದಿ ಹೇಳಿದರು: ಆ ಒಣ ಸೀಮೆಯಲ್ಲಿ ಹೊಸ ಆರ್ಕಿಡ್ ಇರುವುದು ಅಸಂಭವ, ಇದು ಘಟ್ಟದಲ್ಲಿ ಮೊದಲೇ ಹೆಸರಿಟ್ಟ ಹಳೆಯ ಗಿಡವೇ ಇರಬೇಕು. ಉಳಿದರ್ಧವನ್ನು ಮಡಿಚಿ ಕರವಸ್ತ್ರದೊಳಗೆ ಇಟ್ಟುಕೊಂಡರು. "ಮಳಿಕಾಡಿನಾಗ ಹುಟ್ಟಿದ್ದಕ್ಕಷ್ಟ ಹೂವು ಅಂತಾರೇನು? ಮುಂದಿನ ಶ್ರಾವಣ ಬರಲಿ. ಅಲ್ಲಿತನಕ ಆ ಕಲ್ಲು ಉಳಿಸೂಣು" ಎಂದರು.

ಹೇಗೆ ಉಳಿಸಿದರು ಗೊತ್ತೇ? ಕೂತು! ಬೇಸಿಗೆಯಲ್ಲಿ ಉಳಿ ಆ ಕಲ್ಲಿಗೆ ಬಂತು. ಬಾಯಾರು ರಜೆ ಹಾಕಿ, ಕೊಡೆ ಬಿಚ್ಚಿ, ನೀರಿನ ತಂಬಿಗೆ ಇಟ್ಟುಕೊಂಡು ಕಲ್ಲಿನ ನೆತ್ತಿಯ ಮೇಲೆ ಕೂತರು. ಕೈಯಲ್ಲೊಂದು ಹಳೆಯ ಲ್ಯಾಟಿನ್ ವ್ಯಾಕರಣ. ಹೊಸ ಗಿಡದ ವರ್ಣನೆ ಲ್ಯಾಟಿನ್ನಿನಲ್ಲೇ ಇರಬೇಕೆಂಬ ನಿಯಮ ಆಗ. "ಗಿಡ ಬಾದಾಮೀದು, ಭಾಷಾ ಇನ್ಯಾರ್ದೋ" ಎಂದು ಬೈಯುತ್ತಲೇ ಕಲಿತರು. ಗುತ್ತಿಗೆದಾರ ಮೋಟರ್‌ಸೈಕಲ್ ಮೇಲೆ ಬಂದ.

"ಬಾಯಾರ, ಹುಲ್ಲಿನ ಸಲುವಾಗಿ ಇದೇನ್ರಿ? ಇಳೀರಿ."

"ಹುಲ್ಲಾದ್ರ ಹುಲ್ಲು. ಇಂಥಾ ಹುಲ್ಲು ಮತ್ತೆಲ್ಲರ ತೋರಸ್ರಿ, ಈಗ ಇಳೀತೇನಿ."

"ನಿಮ್ಮ ಪ್ರಿನ್ಸಿಪಾಲರಿಗೆ ಹೇಳ್ತೇನಿ ನೋಡ್ರಿ."

"ಹೇಳ್ರಿ. ರಜಾ ಚೀಟಿಯೊಳಗ ನಾನ ಬರದೇನಿ. ಕಾರಣ: ಕಲ್ಲಿನ ಮ್ಯಾಲೆ ಕೂಡೂದು."

ಕೆಲಸಗಾರರು ನಕ್ಕರು. ಅವನಿಗೆ ಸಿಟ್ಟು ನೆತ್ತಿಗೇರಿತು. ಮೇಸ್ತ್ರಿಯ ಕಡೆ ತಿರುಗಿ, ಬದಿಯಿಂದ ಉಳಿ ಹಚ್ಚು ಎಂದ. ನಾವೆಲ್ಲ ಚಾಚಾ ಎನ್ನುತ್ತಿದ್ದ ಆ ಮುದುಕ ಸುತ್ತಿಗೆಯನ್ನು ನೆಲಕ್ಕಿಟ್ಟ. "ಹೆಣ್ಣಮಗಳು ಕುಂತ ಕಲ್ಲಿಗೆ ನನ್ನ ಕೈ ಏಳಂಗಿಲ್ರಿ ಮಾಲಕರ. ಬೇರೆ ಕಲ್ಲು ತೋರಸ್ರಿ" ಎಂದ. ಮೂರು ದಿನ ಹೀಗೇ ನಡೆಯಿತು. ಬಿಸಿಲಿಗೆ ಬಾಯಾರ ಮುಖ ಸಿಪ್ಪೆ ಸುಲಿಯಿತು. ನಾಲ್ಕನೆಯ ದಿನ ಗುತ್ತಿಗೆದಾರ, "ಒಂದು ಮಳಿಗಾಲ ಬಿಡ್ತೇನಿ" ಎಂದು ಆಚೆ ಬದಿಗೆ ಹೋದ.

ಶ್ರಾವಣದಲ್ಲಿ ಮೂರು ಗಿಡ ಹೂ ಬಿಟ್ಟವು. ಈ ಸಲ ಸೀಳಿನೊಳಗೇ ಕೂತು, ಜೀವಂತ ಹೂವನ್ನೇ ನೋಡಿ ಚಿತ್ರ ಬರೆದೆ. ತುಟಿಯ ಒಂದೊಂದು ಬದಿಗೆ ಒಂಬತ್ತು ಎಳೆ. ಮೂರೂ ಹೂವಿನಲ್ಲಿ ಎಣಿಸಿದೆ, ಮತ್ತೆ ಮತ್ತೆ ಎಣಿಸಿದೆ. ತಜ್ಞರು ಹೇಳಿದ ಹಳೆಯ ಗಿಡಕ್ಕೆ ಐದೇ. ಒಂದು ದಂಟು ಒತ್ತಿದೆವು, ಗಾಳಿಯಲ್ಲೇ ಒಣಗಿಸಿದೆವು. ಅತ್ತೆಯ ಒಲೆಯ ಕಡೆ ನಾನು ತಿರುಗಿಯೂ ನೋಡಲಿಲ್ಲ. ತಜ್ಞರು ಗಡ್ಡೆಯೂ ಬೇಕೆಂದರು. ಬಾಯಾರು ಕೊಡಲಿಲ್ಲ. ಕೊನೆಗೆ ಗಿಡ ಹೊಸದೆಂದು ತಜ್ಞರೇ ಒಪ್ಪಿದರು, ಅದಕ್ಕೆ ತಮ್ಮ ಹೆಸರಿಟ್ಟರೆ ಸಂತೋಷವೆಂದೂ ಸೂಚಿಸಿದರು. ಬಾಯಾರು ಗಿಡಕ್ಕೆ ಬಾದಾಮಿಯ ಹೆಸರಿಟ್ಟರು. ಚಿತ್ರದ ಕೆಳಗೆ ನನ್ನ ಹೆಸರು ಅಚ್ಚಾಗಿ ಬಂತು. ಅಪ್ಪ ಮಗ್ಗ ನಿಲ್ಲಿಸಿ ಆ ಪುಟವನ್ನು ಓಣಿಗೆಲ್ಲ ತೋರಿಸಿ ಬಂದ.

ಅಚ್ಚಾದ ಪುಸ್ತಕವನ್ನು ಬಾಯಾರು ಮೊದಲು ಒಯ್ದು ತೋರಿಸಿದ್ದು ಗುತ್ತಿಗೆದಾರನಿಗೆ. ಊರಿನ ಹೆಸರು ನೋಡಿ ಅವನು ಮೆತ್ತಗಾದ.

"ನೀವು ಇರೂತನಕ ಆ ಕಲ್ಲು ಮುಟ್ಟಂಗಿಲ್ರಿ ಬಾಯಾರ."

"ನಾ ಸತ್ತಮ್ಯಾಲೆ?"

"ಆಗಿನ್ದು ಆಗ ನೋಡೂಣಂತ್ರಿ."

ಎಂಬತ್ತರ ದಶಕ ಮುಗಿಯುವ ಮೊದಲೇ ಬಾಯಾರು ಹೋದರು. ಎದೆನೋವು ಎಂದು ದವಾಖಾನೆಗೆ ಹೋದವರು ಮರಳಲಿಲ್ಲ. ನಾನಾಗ ಹುನಗುಂದದ ಸಾಲಿಯಲ್ಲಿ ಟೀಚರಾಗಿದ್ದೆ. ಕೆಲವು ದಿನ ಕಳೆದ ಮೇಲೆ ಅವರ ತಮ್ಮ ಕಾಗದಪತ್ರದ ಟ್ರಂಕು ಮತ್ತು ಆ ಕೊಡೆಯನ್ನು ತಂದುಕೊಟ್ಟರು. ಟ್ರಂಕಿನಲ್ಲಿ ತಜ್ಞರ ಆ ಹಳೆಯ ಕಾಗದವಿತ್ತು. ನನಗೆ ಓದಿ ಹೇಳದ ಅರ್ಧವನ್ನು ಅಂದು ಓದಿದೆ: ಹೂವನ್ನು ಬೆಂಕಿಗೆ ಹಿಡಿಯುವವರು ಕಾಲೇಜಿನಲ್ಲಿ ಪಾಠ ಹೇಳಲು ಯೋಗ್ಯರೇ ಎಂದು ನಿಮ್ಮ ಪ್ರಿನ್ಸಿಪಾಲರಿಗೆ ಬರೆಯಬೇಕಾದೀತು, ಒಣಗಿಸಿದವರು ಯಾರೆಂದು ತಿಳಿಸಿ. ಅದಕ್ಕೆ ಬಾಯಾರು ಕೊಟ್ಟ ಉತ್ತರದ ನಕಲೂ ಪಿನ್ನು ಹಾಕಿಕೊಂಡು ಅಲ್ಲೇ ಇತ್ತು. ಮೂರೇ ವಾಕ್ಯ. "ಒಣಗಿಸಿದವಳು ನಾನೇ. ಪ್ರಿನ್ಸಿಪಾಲರಿಗೆ ಅವಶ್ಯ ಬರೆಯಿರಿ. ಗಿಡ ಮಾತ್ರ ಹೊಸದು."

ನೌಕರಿಯನ್ನೇ ಪಣಕ್ಕಿಟ್ಟು ನನ್ನ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡಿದ್ದರು. ಇಷ್ಟು ವರ್ಷ ಒಂದು ಮಾತಿನಲ್ಲೂ ತೋರಗೊಡಲಿಲ್ಲ. ಟ್ರಂಕಿನ ಮುಂದೆ ಕೂತು, ಹೂವು ಸುಟ್ಟ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತೆ.

ಟ್ರಂಕು ಬಂದು ವಾರವೂ ಆಗಿರಲಿಲ್ಲ, ಚಾಚಾ ಬಸ್ಸಿಳಿದು ನಮ್ಮ ಮನೆ ಹುಡುಕಿಕೊಂಡು ಬಂದ. ಅವನು ಉಳಿ ಹಿಡಿಯುವುದು ಬಿಟ್ಟು ವರ್ಷಗಳಾಗಿದ್ದವು. ನೀರು ಸಹ ಕುಡಿಯದೆ ಹೇಳಿದ: "ಬಾಯಾರು ಹೋದ್ರಲ್ಲವಾ, ಮಾಲಕರು ಮಾತು ಮುಗೀತು ಅಂತಾರ. ಸೋಮವಾರ ಆ ಕಲ್ಲಿಗೆ ಉಳಿ ಹಚ್ಚತಾರಂತ."

"ಹಚ್ಚಲಿ ನೋಡೂಣು" ಎಂದೆ. ಆ ಧ್ವನಿ ನನ್ನದೆಂದು ನನಗೇ ನಂಬಿಕೆ ಬರಲಿಲ್ಲ.

ಮರುದಿನ ಹೆಡ್‌ಮಾಸ್ತರರ ಮುಂದೆ ರಜಾ ಅರ್ಜಿ ಇಟ್ಟೆ. ಅವರು ಕನ್ನಡಕ ಏರಿಸಿ ಒಮ್ಮೆ ಓದಿದರು, ನನ್ನ ಕೈಯಲ್ಲಿದ್ದ ಹಳೆಯ ಕೊಡೆಯನ್ನು ನೋಡಿದರು, ಮತ್ತೊಮ್ಮೆ ಓದಿದರು. ಕಾರಣ ಎಂಬಲ್ಲಿ ನಾನು ಬರೆದಿದ್ದೆ: ಕಲ್ಲಿನ ಮೇಲೆ ಕೂರುವುದು.