ಕದಿರು ಕಟ್ಟಿದ ಕಾರು

ಮೂರ್ನಾಡಿನ ಶಾಲೆಗೆ ಹೊಸದಾಗಿ ವರ್ಗವಾಗಿ ಬಂದ ಮೇಷ್ಟರೊಬ್ಬರು ಪ್ರೇಮಾವತಿಯನ್ನು ಮೊದಲ ಸಲ ಕಂಡದ್ದು ಕಾಫಿ ಹೂ ಬಿಟ್ಟಿದ್ದ ಒಂದು ಬೆಳಗ್ಗೆ. ಹಿಂದಿನ ವಾರ ಹೂಮಳೆ ಬಿದ್ದಿತ್ತು. ತೋಟಗಳೆಲ್ಲ ಬೆಳ್ಳಗಾಗಿ, ಪೇಟೆಯ ಬೀದಿಯವರೆಗೂ ಆ ಕಂಪು ಬಂದು ನಿಂತಿತ್ತು. ಶಾಲೆಯ ಜಗಲಿಯಲ್ಲಿದ್ದ ಮೇಷ್ಟರಿಗೆ ರಸ್ತೆಯ ತಿರುವಿನಲ್ಲಿ ಮೊದಲು ಕಾಣಿಸಿದ್ದು ಒಂದು ಜೊತೆ ಎತ್ತು. ಎತ್ತಿನ ಹಿಂದೆ ಹಗ್ಗ, ಹಗ್ಗದ ತುದಿಯಲ್ಲಿ ಒಂದು ಪುಟ್ಟ ಕಪ್ಪು ಕಾರು. ಕಾರಿನ ಒಳಗೆ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಜಡೆಯನ್ನು ಮುಂದಕ್ಕೆ ಹಾಕಿಕೊಂಡು ಕುಳಿತಿದ್ದವಳು ಪ್ರೇಮಾವತಿ. ಹಿಂದಿನ ಸೀಟಿನಲ್ಲಿ ಅವಳ ಅಜ್ಜಿ ರುದ್ರಮ್ಮ, ದಿಬ್ಬಣಕ್ಕೆ ಹೊರಟವಳಂತೆ ಸೆರಗು ಹೊದ್ದು, ನೆಟ್ಟಗೆ ಕುಳಿತಿದ್ದಳು.

ಚಹಾದಂಗಡಿಯ ಮುಂದೆ ಬರುತ್ತಿದ್ದಂತೆ ಅಂಗಡಿಯ ಪೂವಯ್ಯ ಕೂಗಿ ಕೇಳಿದ:

"ಎಂಥ ಪ್ರೇಮಾವತಿ, ನಿನ್ನ ಕಾರಿಗೆ ಹುಲ್ಲು ಹಾಕೋದೋ, ಹುರುಳಿ ಹಾಕೋದೋ?"

"ಅದೆರಡೂ ಎತ್ತಿಗೆ ಪೂವಯ್ಯಣ್ಣ. ಕಾರಿಗೆ ನಿಮ್ಮ ಚಹಾ ಸಾಕು. ಅದಕ್ಕೆ ಬರೀ ನೀರೇ ಬೇಕಂತೆ."

ಜಗಲಿಯ ಮೇಲಿದ್ದವರೆಲ್ಲ ನಕ್ಕರು. ಕಾರು ನಿಧಾನವಾಗಿ, ಸದ್ದೇ ಇಲ್ಲದೆ, ಹೂವಿನ ಕಂಪಿನಲ್ಲಿ ತೇಲಿಕೊಂಡು ಹೋಯಿತು.

ಕೊಡಗು ಆಗ ತನ್ನದೇ ಒಂದು ಪುಟ್ಟ ರಾಜ್ಯವಾಗಿತ್ತು. ಮಡಿಕೇರಿಯ ಕಾಲೇಜು ಹೊಸದು. ವಿಶ್ವವಿದ್ಯಾನಿಲಯದ ಪದವಿಗೆ ಓದುವ ಹೆಣ್ಣುಮಕ್ಕಳು ಅಲ್ಲೊಬ್ಬರು ಇಲ್ಲೊಬ್ಬರು. ಪ್ರೇಮಾವತಿ ಮೊದಲ ವರ್ಷವನ್ನು ಮಡಿಕೇರಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಓದಿದಳು. ಅತ್ತೆ ಒಳ್ಳೆಯವಳೇ. ಆದರೆ ಆ ಒಂದು ವರ್ಷದಲ್ಲಿ ಇಲ್ಲಿ ಊರಿನಲ್ಲಿ ರುದ್ರಮ್ಮನ ಕಣ್ಣು ಪೂರ್ತಿ ಹೋಯಿತು. ಹುಟ್ಟಿದ ವಾರಕ್ಕೇ ತಾಯಿಯನ್ನು ಕಳೆದುಕೊಂಡ ಪ್ರೇಮಾವತಿಯನ್ನು ಮಡಿಲಲ್ಲಿಟ್ಟು ಸಾಕಿದವಳು ಈ ಅಜ್ಜಿ. ರಜೆಗೆ ಬಂದ ಮೊಮ್ಮಗಳ ಮುಖವನ್ನು ಅವಳು ಬೆರಳಿನಿಂದ ತಡವಿ, "ಗೂಡೆ, ನನ್ನ ಹುಡುಗಿ, ನೀನು ಬಡವಾಗಿದ್ದೀಯೆ" ಎಂದಳು. ಅಂದೇ ಪ್ರೇಮಾವತಿ ತೀರ್ಮಾನ ಮಾಡಿದಳು: ಓದನ್ನೂ ಬಿಡಬಾರದು, ಅಜ್ಜಿಯನ್ನೂ ಬಿಡಬಾರದು, ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರಬೇಕು.

ಬಸ್ಸು ಇತ್ತು. ಆದರೆ ಮೊದಲ ಪಾಠ ಮುಗಿದ ಮೇಲೆ ಅದು ಮಡಿಕೇರಿ ಮುಟ್ಟುತ್ತಿತ್ತು. ಪ್ರಯೋಗಶಾಲೆಯ ಕೆಲಸ ಮುಗಿಯುವ ಮೊದಲೇ ಸಂಜೆಯ ಬಸ್ಸು ಹೊರಟುಬಿಡುತ್ತಿತ್ತು. ಅದೇ ವೇಳೆಗೆ ಕಕ್ಕಬೆ ಕಡೆಯ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಿದ್ದ. ಕೋಳಿಗಳು ಮೊಟ್ಟೆಯಿಡುತ್ತಿದ್ದ ಅವನ ಹಳೆಯ ಕಾರು ಅಗ್ಗಕ್ಕೆ ಸಿಗುತ್ತದೆಂಬ ಸುದ್ದಿ ತಂದವನು ಅವಳ ಸೋದರಮಾವ ಕೂಸಪ್ಪ. ಅವನು ತಿತಿಮತಿಯಿಂದ ಮರ ಸಾಗಿಸುವ ಲಾರಿ ಓಡಿಸುತ್ತಿದ್ದ.

ತಂದೆ ಮಾಯಿಲಪ್ಪನಿಗೆ ಈ ಮಾತು ಹಿಡಿಸಲಿಲ್ಲ.

"ಓದುವ ಮಕ್ಕಳಿಗೆ ಕಾರು ಎಂತಕ್ಕೆ? ಪುಸ್ತಕ ನೋಡುವ ಕಣ್ಣು ಆಮೇಲೆ ಟಯರು ನೋಡ್ತದೆ. ಮನಸ್ಸು ಎರಡು ಕಡೆ ಇರೋದಿಲ್ಲ."

"ನನ್ನ ಮನಸ್ಸು ಈಗಲೂ ಎರಡು ಕಡೆ ಉಂಟಪ್ಪ. ಕಾರು ಬಂದರೆ ಎರಡನ್ನೂ ಒಂದೇ ದಿನ ಮುಟ್ಟಬಹುದು."

"ಕೆಟ್ಟು ನಿಂತರೆ?"

"ಭಾವ, ಹೆಂಡತಿ ಕೋಪ ಮಾಡಿಕೊಂಡಾಳು ಅಂತ ಯಾರಾದರೂ ಮದುವೆ ಬಿಡ್ತಾರ?" ಎಂದ ಕೂಸಪ್ಪ.

"ನೀನು ಬಿಟ್ಟಿದ್ದೀಯಲ್ಲ" ಎಂದ ಮಾಯಿಲಪ್ಪ. ಕೂಸಪ್ಪನಿಗೆ ನಲವತ್ತಾದರೂ ಮದುವೆಯಾಗಿರಲಿಲ್ಲ. ಅವನು ಎಲೆಯಡಿಕೆಯ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡ.

ಕೊನೆಗೆ ಮಾಯಿಲಪ್ಪ ಒಂದು ಮಾತಿಗೆ ಒಪ್ಪಿದ. ಕಾರು ಬರಲಿ. ಆದರೆ ಕಾರಿನಿಂದಾಗಿ ಒಂದೇ ಒಂದು ದಿನ ಕಾಲೇಜು ತಪ್ಪಿದರೂ ಅದನ್ನು ಮಾರುವುದು. ಪ್ರೇಮಾವತಿ ಅತ್ತೆಯ ಮನೆಗೆ ಹೋಗುವುದು. ಮಾಯಿಲಪ್ಪ ಆಡಿದ ಮಾತು ತಪ್ಪುವವನಲ್ಲ ಎಂಬುದು ಸುತ್ತಲಿನವರಿಗೆಲ್ಲ ತಿಳಿದ ವಿಷಯ.

ಕೂಸಪ್ಪ ಎಂಜಿನನ್ನು ಬಿಚ್ಚಿ ತೊಳೆದು ಜೋಡಿಸಿದ. ಬತ್ತದ ಕೊಯ್ಲಾಗಿ ಒಣಗಿದ್ದ ಗದ್ದೆಯಲ್ಲಿ ಸೋದರಸೊಸೆಗೆ ಓಡಿಸಲು ಕಲಿಸಿದ. ಮಳೆಗಾಲ ಹಿಡಿಯುವ ಹೊತ್ತಿಗೆ ಅವಳು ಒಬ್ಬಳೇ ಮಡಿಕೇರಿಗೆ ಹೋಗಿ ಬರತೊಡಗಿದಳು. ಬೆಳಗ್ಗೆ ಮಂಜು ರಸ್ತೆಗೇ ಇಳಿದುಬಿಡುತ್ತಿತ್ತು. ಮುಂದೆ ಎರಡು ಮಾರಿನಾಚೆ ಏನೂ ಕಾಣದು. ಕಾರಿನ ದೀಪ ಹಾಲಿನೊಳಗೆ ಬೆರಳಾಡಿಸಿದಂತೆ ಹೋಗುತ್ತಿತ್ತು. ಒಮ್ಮೊಮ್ಮೆ ಅವಳಿಗೆ ತಾನು ಮುಂದೆ ಹೋಗುತ್ತಿದ್ದೇನೆಯೋ, ಮರಗಳೇ ಹಿಂದಕ್ಕೆ ಸಾಗುತ್ತಿವೆಯೋ ತಿಳಿಯುತ್ತಿರಲಿಲ್ಲ. ಮೇಕೇರಿಯ ಏರು ಹತ್ತಿದ ಮೇಲೆ ಮಂಜು ಕೆಳಗೆ ಉಳಿದು, ಬೆಟ್ಟದ ತಲೆಗಳು ಮಾತ್ರ ದ್ವೀಪಗಳ ಹಾಗೆ ತೇಲುತ್ತಿದ್ದವು. ಅಲ್ಲಿ ಅವಳು ಒಂದು ಗಳಿಗೆ ಕಾರು ನಿಲ್ಲಿಸಿ ನೋಡುತ್ತಿದ್ದಳು. ಯಾಕೆಂದರೆ ಸಂಜೆ ಅಜ್ಜಿ ಕೇಳುತ್ತಿದ್ದಳು:

"ಇವತ್ತು ದಾರಿಯಲ್ಲಿ ಏನು ಕಂಡೆ?"

ಬಿಸಿನೀರಿನಲ್ಲಿ ಅಜ್ಜಿಯ ಕಾಲು ತೊಳೆಯುತ್ತ ಪ್ರೇಮಾವತಿ ದಾರಿಯನ್ನೆಲ್ಲ ಒಂದೊಂದೇ ತಿರುವಾಗಿ ಹೇಳುತ್ತಿದ್ದಳು. ಮೇಕೇರಿಯ ಹತ್ತಿರ ಹಾರಿದ ಮಂಗಟ್ಟೆ ಹಕ್ಕಿ, ಕಿತ್ತಳೆ ತೋಟದ ಬೇಲಿ ದಾಟುತ್ತಿದ್ದ ಮುಳ್ಳುಹಂದಿ, ಎಲ್ಲಿಂದಲೋ ಬಂದು ರಸ್ತೆಯ ಮೇಲೆ ಬಿದ್ದಿದ್ದ ಒಂದು ಬುಟ್ಟಿಯಷ್ಟು ಬಿಳಿ ಹೂವು. ಅಜ್ಜಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಮುಚ್ಚಿದರೂ ತೆರೆದರೂ ಅವಳಿಗೆ ಒಂದೇ, ಆದರೂ ಮುಚ್ಚುತ್ತಿದ್ದಳು. "ಹ್ಞಾ, ಅಲ್ಲೊಂದು ದೊಡ್ಡ ಆಲದ ಮರ ಇರಬೇಕಲ್ಲ" ಎಂದು ನಡುವೆ ಕೇಳುವಳು. ಆ ಮರವನ್ನು ಕಡಿದು ಎಷ್ಟೋ ಕಾಲವಾಗಿತ್ತು. "ಉಂಟಜ್ಜಿ" ಎನ್ನುವಳು ಪ್ರೇಮಾವತಿ.

ಮಳೆಗಾಲ ಕಳೆಯಿತು. ಒಂದು ದಿನವೂ ಕಾಲೇಜು ತಪ್ಪಲಿಲ್ಲ. ಹೊಸ ಬತ್ತದ ಹಬ್ಬ ಹುತ್ತರಿ ಬಂತು.

ಹುತ್ತರಿಗೆ ಗದ್ದೆಯಿಂದ ಹೊಸ ಕದಿರು ತಂದು, ಮಾವು ಅರಳಿ ಮೊದಲಾದ ಎಲೆಗಳಲ್ಲಿ ಸುತ್ತಿ, ನಾರಿನಿಂದ ಕಟ್ಟಿ, ಮನೆಯ ಕಂಬಕ್ಕೆ, ಕಣಜಕ್ಕೆ, ಕೊಟ್ಟಿಗೆಗೆ, ನೇಗಿಲಿಗೆ, ಬಾವಿಗೆ ಹೀಗೆ ಬದುಕಿಗೆ ಆಧಾರವಾದದ್ದಕ್ಕೆಲ್ಲ ಕಟ್ಟುವುದು ಪದ್ಧತಿ. ಒಮ್ಮೆ ಕಟ್ಟಿದ್ದನ್ನು ಆ ಮನೆಯಲ್ಲಿ ಯಾರೂ ಬಿಚ್ಚುತ್ತಿರಲಿಲ್ಲ. ಅದು ತಾನಾಗಿ ಒಣಗಿ ಉದುರಬೇಕು. ಆ ವರ್ಷ ರುದ್ರಮ್ಮ, "ಕಾರಿಗೆ ನಾನೇ ಕಟ್ಟುತ್ತೇನೆ" ಎಂದಳು. ಮೊಮ್ಮಗಳನ್ನು ದಿನವೂ ಸಂಜೆ ತನಗೆ ತಂದುಕೊಡುವ ಕಾರು ಅದು. ಕಂಬಕ್ಕೆ ಒಂದು ಕಟ್ಟು ಸಾಕಾದರೆ ಕಾರಿಗೆ ಅಷ್ಟು ಸಾಲದೆಂದು ಅವಳಿಗೆ ಅನ್ನಿಸಿತು. ಕೈಯಿಂದ ತಡವುತ್ತ ಕಾರಿನ ಮುಖ ಎಲ್ಲಿದೆಯೆಂದು ಹುಡುಕಿದಳು. ಎರಡು ದೀಪಗಳ ನಡುವಿನ ಜಾಲರಿ ಸಿಕ್ಕಿತು. ಅದರ ಮೇಲೆ ಕಟ್ಟಿನ ಪಕ್ಕಕ್ಕೆ ಕಟ್ಟು ಸೇರಿಸಿ, ಸಂದೇ ಇಲ್ಲದಂತೆ, ಬಾಗಿಲಿಗೆ ತೋರಣ ಕಟ್ಟಿದ ಹಾಗೆ ಹೊದಿಸಿ, ಬಿಗಿಯಾಗಿ ಗಂಟು ಹಾಕಿದಳು.

ಹಬ್ಬದ ರಜೆ ಮುಗಿದ ದಿನ ಸಸ್ಯಶಾಸ್ತ್ರದ ಪರೀಕ್ಷೆ. ಬೆಳಗ್ಗೆ ಕಾರಿನ ಮುಂದೆ ನಿಂತ ಪ್ರೇಮಾವತಿಗೆ ಅನುಮಾನ ಬಾರದೆ ಇರಲಿಲ್ಲ. ಆ ಜಾಲರಿಯ ಹಿಂದೆಯೇ ನೀರಿನ ಪೆಟ್ಟಿಗೆ ಇದೆ, ಅದಕ್ಕೆ ಗಾಳಿ ತಾಗಬೇಕು ಎಂದು ಕೂಸಪ್ಪ ಮಾವ ಹೇಳಿಕೊಟ್ಟಿದ್ದ. ಅವಳ ಕೈ ಗಂಟಿನವರೆಗೆ ಹೋಯಿತು. ಕದಿರು ಬಿಚ್ಚುವುದುಂಟೇ? ಅದರಲ್ಲೂ ಅಜ್ಜಿ ಕಟ್ಟಿದ್ದು. ಚಳಿಯಿದೆ, ಹೇಗೋ ಹೋದೀತು ಎಂದು ಹತ್ತಿ ಕುಳಿತಳು.

ಮೇಕೇರಿಯ ಏರಿನ ನಡುವೆ ಕಾರು ಮೊದಲು ಗೊಣಗಿತು, ಆಮೇಲೆ ಬುಸುಗುಟ್ಟಿತು, ಆಮೇಲೆ ಬಿಳಿಯ ಹಬೆ ಎತ್ತಿ ನಿಂತುಬಿಟ್ಟಿತು. ಹಬೆಗೂ ಮಂಜಿಗೂ ಎಲ್ಲಿ ಗಡಿಯೆಂದು ತಿಳಿಯಲಿಲ್ಲ. ಊಟದ ಡಬ್ಬಿಯಲ್ಲಿ ತೊರೆಯ ನೀರು ತಂದು ಹೊಯ್ದಳು. ಸ್ವಲ್ಪ ದೂರ ಹೋಗಿ ಮತ್ತೆ ನಿಂತಿತು. ಬೆಂದ ಮಾವಿನೆಲೆಯ, ಹೊಸ ಬತ್ತದ ವಾಸನೆ ಏರುತ್ತಿತ್ತು. ಹಬ್ಬದ ಅಡಿಗೆಮನೆಯ ವಾಸನೆ. ಗಂಟು ಕಣ್ಣ ಮುಂದೆಯೇ ಇತ್ತು. ಬಿಚ್ಚಿದ್ದರೆ ಪರೀಕ್ಷೆ ಸಿಗುತ್ತಿತ್ತೋ ಏನೋ. ಅವಳು ಕಲ್ಲಿನ ಮೇಲೆ ಕುಳಿತು ನೋಡುತ್ತಲೇ ಇದ್ದಳು. ಎಂಜಿನು ಆರಿದ ಮೇಲೆ ಮತ್ತೆ ಹೊರಟು ಮಡಿಕೇರಿ ಮುಟ್ಟಿದಾಗ ಕಾಲೇಜಿನ ಹುಡುಗರು ಪರೀಕ್ಷೆ ಮುಗಿಸಿ ಹೊರಗೆ ಬರುತ್ತಿದ್ದರು.

ಸಂಜೆ ಮನೆಯ ಅಂಗಳದಲ್ಲಿ ಮಾಯಿಲಪ್ಪ ಏನಾಯಿತೆಂದು ಕೇಳಿದ.

"ನೀರು ಕುದಿಯಿತು ಅಪ್ಪ" ಎಂದಳು ಪ್ರೇಮಾವತಿ. ಕದಿರಿನ ಮಾತು ಎತ್ತಲಿಲ್ಲ.

"ಮಾತು ನೆನಪುಂಟಲ್ಲ?"

"ಉಂಟು."

ಮಾಯಿಲಪ್ಪ ಕೂಸಪ್ಪನಿಗೆ ಹೇಳಿಕಳುಹಿಸಿದ, ಕಾರಿಗೆ ಗಿರಾಕಿ ಹುಡುಕು ಎಂದು. ಮರುದಿನ ಬಂದ ಕೂಸಪ್ಪ ಕಾರಿನ ಮುಂದೆ ನಿಂತು ಸೊಂಟಕ್ಕೆ ಕೈಯಿಟ್ಟ.

"ಭಾವ, ಮೂಗಿಗೆ ಕಂಬಳಿ ಕಟ್ಟಿ ನಿಮ್ಮನ್ನು ಬೆಟ್ಟ ಹತ್ತಿಸಿದರೆ ನೀವೂ ಕುದೀತೀರಿ. ಇದನ್ನು ಬಿಚ್ಚಿ."

"ನೀನೇ ಬಿಚ್ಚು."

"ನಾನು ಈ ಮನೆಯವನಲ್ಲ. ನಿಮ್ಮ ಮನೆ ಕದಿರು ನಾನು ಬಿಚ್ಚೋದ?"

"ಅವ್ವ ಕಟ್ಟಿದ್ದು. ನನ್ನ ಕೈ ಬರೋದಿಲ್ಲ."

ಇಬ್ಬರೂ ಪ್ರೇಮಾವತಿಯ ಕಡೆ ನೋಡಿದರು. ಅವಳು ತಲೆಯಲ್ಲಾಡಿಸಿ, ಮೆಲ್ಲಗೆ ಮಾತಾಡಿ ಎಂದು ಬೆರಳಿನಲ್ಲಿ ಸನ್ನೆ ಮಾಡಿದಳು. ಅಜ್ಜಿಗೆ ಇದು ಕೇಳಿಸಿದರೆ ಅವಳು ಉಳಿದ ಆಯುಷ್ಯವೆಲ್ಲ ಕೊರಗುತ್ತಾಳೆ. ಕಾರು ಹೋದರೆ ಹೋಗಲಿ. ಮೂವರೂ ಕಾರಿನ ಸುತ್ತ ನಿಂತರು.

ಕಾರು ಮಾರುವ ಮಾತನ್ನು ಹಿಂದಿನ ಸಂಜೆಯೇ ಕೇಳಿಸಿಕೊಂಡಿದ್ದ ರುದ್ರಮ್ಮ ಗೋಡೆ ಹಿಡಿದುಕೊಂಡು ಜಗಲಿ ಇಳಿದು ಬಂದಳು.

"ಎಂಥ, ದನ ಸತ್ತ ಮನೆಯವರ ಹಾಗೆ ನಿಂತಿದ್ದೀರಿ?" ಎನ್ನುತ್ತ ಕಾರಿನ ಮುಖಕ್ಕೆ ಕೈಯಿಟ್ಟಳು. ಎಲೆಗಳು ಬೆಂದು ಮೆತ್ತಗಾಗಿದ್ದವು. ಒಂದನ್ನು ಹರಿದು ಮೂಸಿದಳು. ಆಮೇಲೆ, ಸ್ವಲ್ಪವೂ ತಡವರಿಸದೆ, ತಾನು ಹಾಕಿದ ಗಂಟುಗಳನ್ನು ತಾನೇ ಒಂದೊಂದಾಗಿ ಬಿಚ್ಚತೊಡಗಿದಳು.

"ಕಟ್ಟಿದವಳು ಬಿಚ್ಚಿದರೆ ದೋಷವಿಲ್ಲ. ಮಾಯಿಲಪ್ಪ, ಗೂಡೆಗೆ ಪಾಠ ತಪ್ಪಿಸಿದ್ದು ಈ ಕಾರಲ್ಲ, ನಾನು. ನಿನ್ನ ಮಾತು ನಡೆಯಬೇಕಲ್ಲ, ಹಾಗಾದರೆ ನನ್ನನ್ನು ಮಾರು. ಕೂಸಪ್ಪ, ಗಿರಾಕಿ ನೋಡು."

"ಯಾರು ತಗೊಳ್ತಾರೆ ಅತ್ತೆ, ಒಂದು ದೀಪವೂ ಉರಿಯೋದಿಲ್ಲ" ಎಂದುಬಿಟ್ಟ ಕೂಸಪ್ಪ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡ. ಮೊದಲು ನಕ್ಕವಳು ರುದ್ರಮ್ಮ. ಮಾಯಿಲಪ್ಪ ಬೇರೆ ಕಡೆ ತಿರುಗಿ ನಿಂತ. ಅವನ ಭುಜ ಕುಲುಕುತ್ತಿತ್ತು.

ಮಾರುವ ಮಾತು ಅಲ್ಲಿಗೇ ನಿಂತಿತು. ಆ ಪರೀಕ್ಷೆಯ ಅಂಕ ಹೋದದ್ದು ಹೋಯಿತು. ರುದ್ರಮ್ಮ ಒಂದೇ ಒಂದು ಕದಿರನ್ನು ಆರಿಸಿ ಕಾರಿನೊಳಗಿನ ಕನ್ನಡಿಗೆ ಕಟ್ಟಿಸಿದಳು. ಅಂದಿನಿಂದ ಬಿಸಿಲಿದ್ದ ದಿನಗಳಲ್ಲಿ ತಾನೂ ಕಾರಿನಲ್ಲಿ ಹೊರಡತೊಡಗಿದಳು. ಮೇಷ್ಟರು ಇವರನ್ನು ಕಂಡದ್ದು ಅಂಥ ಒಂದು ದಿನ, ದಾರಿಯಲ್ಲಿ ಕೆಟ್ಟ ಕಾರನ್ನು ಎತ್ತುಗಳು ಎಳೆದು ತರುತ್ತಿದ್ದಾಗ. ಮೊಮ್ಮಗಳು ಪಾಠ ಕೇಳುವಷ್ಟು ಹೊತ್ತು ಕಾಲೇಜಿನ ಹತ್ತಿರದ ಮರದ ನೆರಳಿನಲ್ಲಿ, ಕಾರಿನೊಳಗೆ ಕುಳಿತು ಅಡಿಕೆ ಕುಟ್ಟುತ್ತಿದ್ದಳು. ಹಿಂದಿರುಗುವಾಗ ದಾರಿ ಹೇಳುವ ಸರದಿ ಅವಳದು. ಕಿತ್ತಳೆ ಹಣ್ಣಿನ ಗಮಲು ಬಂತೋ, ಇದು ಇಂಥವರ ತೋಟ. ಗಾಳಿ ತಣ್ಣಗಾಯಿತೋ, ತೊರೆ ಬಂತು. ಒಂದು ಸಂಜೆ ಅವಳು, "ಆ ಆಲದ ಮರ ಇಲ್ಲ ಅಲ್ವಾ? ಎಲೆಯ ಸದ್ದೇ ಇಲ್ಲ" ಎಂದಳು. ಪ್ರೇಮಾವತಿ ಗೇರು ಬದಲಿಸಿ, "ಇಲ್ಲಜ್ಜಿ" ಎಂದಳು.

ಪ್ರೇಮಾವತಿ ಪದವಿ ಪಡೆದ ಮರುವರ್ಷ ಕೊಡಗು ಮೈಸೂರಿನೊಡನೆ ಸೇರಿತು. ಅಜ್ಜಿ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಪ್ರೇಮಾವತಿ ಹೆಣ್ಣುಮಕ್ಕಳ ಶಾಲೆಯಲ್ಲಿ ಬಹಳ ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾಗಿದ್ದಾಳೆ. ಆ ಕಪ್ಪು ಕಾರು ಈಗ ಓಡುವುದಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿದೆ; ಕೋಳಿಗಳು ಮತ್ತೆ ಅದರಲ್ಲಿ ಮೊಟ್ಟೆಯಿಡುತ್ತವೆ.

ಈಗಲೂ ಹುತ್ತರಿಯ ಮರುದಿನ ಬೆಳಗ್ಗೆ ಅವಳು ಶಾಲು ಹೊದ್ದು, ಕೋಲು ಹಿಡಿದು ಹೊರಡುತ್ತಾಳೆ. ನೆರೆಹೊರೆಯ ಅಂಗಳಗಳಲ್ಲಿ ಜೀಪುಗಳೂ ಟ್ರ್ಯಾಕ್ಟರುಗಳೂ ಮುಖದ ತುಂಬ ಕದಿರು ಕಟ್ಟಿಸಿಕೊಂಡು ನಿಂತಿರುತ್ತವೆ. ಅವಳು ತಾನಾಗಿ ಯಾವುದನ್ನೂ ಮುಟ್ಟುವುದಿಲ್ಲ. ಮನೆಯವರನ್ನು ಹೊರಗೆ ಕರೆದು, "ಇದನ್ನು ಕಟ್ಟಿದ್ದು ಯಾರು?" ಎಂದು ಕೇಳುತ್ತಾಳೆ. ಕಟ್ಟಿದವರು ಬಂದು, ಗಂಟು ಬಿಚ್ಚಿ, ಒಂದು ಕದಿರನ್ನು ಕನ್ನಡಿಗೆ ಕಟ್ಟುವವರೆಗೂ ಅಲ್ಲೇ ನಿಂತಿದ್ದು, ಅವರು ಕೊಟ್ಟ ಕಾಫಿ ಕುಡಿದು, ಮುಂದಿನ ಅಂಗಳಕ್ಕೆ ಹೋಗುತ್ತಾಳೆ.