ತೊಟ್ಟಿಲ ಪಕ್ಕದ ಕೆಂಡ

ಎಣ್ಣೆಯ ಬೆಲೆ ಬಿದ್ದು ಕಂಪೆನಿಗಳು ಜನರನ್ನು ಮನೆಗೆ ಕಳಿಸುತ್ತಿದ್ದ ಚಳಿಗಾಲ. ಕೊಲ್ಲಿ ನಾಡಿನ ಇಬ್ರಿ ಪಟ್ಟಣದ ಆಸ್ಪತ್ರೆಯಲ್ಲಿ ನಾನು ಮೇಟ್ರನ್. ಉಬ್ಬಸದಿಂದ ಒಂದೇ ಕೂಸು ಮೂರನೆಯ ಸಲ ದಾಖಲಾಗಿ ಹೋದ ಮೇಲೆ, ಕಾರಣ ನೋಡಿಯೇ ಬಿಡೋಣವೆಂದು ಅದರ ಮನೆಗೆ ಹೋದೆ. ಮಗನ ಕೆಲಸ ಹೋದದ್ದರಿಂದ ಅಜ್ಜಿ ಕರೆಂಟಿನ ಹೀಟರನ್ನು ಮೂಲೆಗಿಟ್ಟು, ಕಿಟಕಿ ಮುಚ್ಚಿ, ತೊಟ್ಟಿಲ ಪಕ್ಕದಲ್ಲೇ ಕಟ್ಟಿಗೆ ಉರಿಸುತ್ತಿದ್ದರು.

"ಈ ಹೊಗೆಯೇ ಮಗುವಿನ ಕಾಯಿಲೆ, ಅಜ್ಜೀ. ಅಗ್ಗಿಷ್ಟಿಕೆ ಹೊರಗಿಡಿ, ಇನ್ನೊಂದು ಕಂಬಳಿ ಹೊದಿಸಿ," ಎಂದೆ. ಅರಬ್ಬಿ ಹರಕು ಮುರುಕು, ಗದರುವ ದನಿ ಮಾತ್ರ ಕಾನ್ವೆಂಟಿನ ಸಿಸ್ಟರುಗಳಿಂದ ಕಲಿತದ್ದು.

"ಒಂಬತ್ತು ಮಕ್ಕಳನ್ನು ಹೀಗೇ ಸಾಕಿದ್ದೇನೆ. ನೀನೆಷ್ಟು ಸಾಕಿದ್ದೀ?"

"ವಾರ್ಡಿನಲ್ಲಿ ನಲವತ್ತು. ಯಾರಿಗೂ ಹೊಗೆ ಹಾಕಿಲ್ಲ."

ಅಜ್ಜಿ ನಕ್ಕು, ಬೆಂಕಿಯನ್ನು ಅಂಗಳಕ್ಕೆ ಸಾಗಿಸಿ ಕಿಟಕಿ ತೆರೆದರು. ನಾನು ಹೊರಟಾಗ ಆ ಕೆಂಡವನ್ನೇ ಧೂಪದ ಪಾತ್ರೆಗೆ ತುಂಬಿ, ಲೋಬಾನ ಉದುರಿಸಿ, ಅದನ್ನು ನನ್ನ ಬಿಳಿ ಕೋಟಿನ ಕೆಳಗೆ ಹಿಡಿದರು. ಅತಿಥಿಯನ್ನು ಘಮಘಮಿಸಿಯೇ ಕಳಿಸುವುದು ಅಲ್ಲಿನ ಪದ್ಧತಿ.

"ಬೇಡ," ಎಂದೆ.

"ನಿನ್ನ ಮಾತು ನಾನು ಕೇಳಿದೆ. ನನ್ನದು ನೀನು ಕೇಳದಿದ್ದರೆ ಬೆಂಕಿ ಒಳಗೆ ಬರುತ್ತದೆ."

ಮಗುವಿಗಾಗಿ ಕೋಟಿನ ತುದಿ ಅಗಲಿಸಿ ಹೊಗೆ ಹಾಕಿಸಿಕೊಂಡೆ. ಮಧ್ಯಾಹ್ನ ಅದೇ ಕೋಟಿನಲ್ಲಿ ನರ್ಸುಗಳಿಗೆ ಹೊಗೆಯ ಅಪಾಯದ ಬಗ್ಗೆ ಕಟ್ಟುನಿಟ್ಟಾಗಿ ಪಾಠ ಮಾಡಿದೆ. ಯಾವಾಗಲೂ ಹಿಂದಿನ ಬೆಂಚು ಹುಡುಕುವವರು ಅಂದು ಮುಂದಿನ ಸಾಲಿಗೇ ಬಂದು ಮೂಗರಳಿಸಿ ಕೂತಿದ್ದರು.