ಸೈಕಲ್ಲು ಹೊತ್ತ ಭಾನುವಾರಗಳು

ಮೌಂಟನ್ ಬೈಕನ್ನು ಸಣ್ಣ ಕಾರಿನೊಳಗೆ ತುಂಬುವುದಕ್ಕೆ ಒಂದು ಕ್ರಮವಿದೆ. ಮೊದಲು ಹಿಂದಿನ ಸೀಟು ಮಡಚಿ ಹಳೆಯ ರಗ್ಗು ಹಾಸಬೇಕು. ಮುಂದಿನ ಗಾಲಿ ಬಿಚ್ಚಬೇಕು. ಹ್ಯಾಂಡಲ್ಲು ತಿರುಗಿಸಿ, ಚೈನಿನ ಮಗ್ಗುಲು ಮೇಲೆ ಬರುವಂತೆ ಮಲಗಿಸಬೇಕು. ಇಷ್ಟು ಮಾಡಿದ ಮೇಲೂ ಒಂದು ಪೆಡಲ್ಲು ಬಾಗಿಲಿಗೆ ಅಡ್ಡ ಬಂದೇ ಬರುತ್ತದೆ. ಆಗ ಎಲ್ಲವನ್ನೂ ಹೊರಗೆಳೆದು ಮತ್ತೆ ಮೊದಲಿನಿಂದ ಶುರು. ಬಾಗಿಲು ಹಾಕಿಕೊಂಡ ಮೇಲೆ ಹ್ಯಾಂಡಲ್ಲಿನ ತುದಿ ಡ್ರೈವರನ ಭುಜಕ್ಕೆ ತಿವಿಯುತ್ತಿರುತ್ತದೆ. ಆ ಡ್ರೈವರು ನಾನು.

ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮದೊಂದು ಕಿರಾಣಿ ಅಂಗಡಿ. ವಾರವಿಡೀ ನಾನೂ ಗಲ್ಲಾದ ಮೇಲೆ ಕೂರುತ್ತೇನೆ. ಭಾನುವಾರ ಮಾತ್ರ ಯಜಮಾನರೊಬ್ಬರೇ ನೋಡಿಕೊಳ್ಳುತ್ತಾರೆ. ತಲೆ ಎರೆದುಕೊಂಡು ಮಧ್ಯಾಹ್ನ ಒಂದು ಗಳಿಗೆ ಅಡ್ಡಾಗಲು ನನಗಿದ್ದದ್ದು ಅದೊಂದೇ ದಿನ. ಮಗಳು ಕಾಲೇಜು ಸೇರಿ ಗುಡ್ಡ ಹತ್ತುವ ಸೈಕಲ್ಲಿನ ಹುಚ್ಚು ಹಿಡಿಸಿಕೊಂಡ ಮೇಲೆ ಆ ದಿನವೂ ಹೋಯಿತು. ಲಾರಿಗಳು ಓಡಾಡುವ ರಸ್ತೆಯಲ್ಲಿ ಗುಡ್ಡದವರೆಗೆ ಅವಳೊಬ್ಬಳೇ ತುಳಿದುಕೊಂಡು ಹೋಗುವುದು ಬೇಡವೆಂದು ಅವರಪ್ಪ ಕಟ್ಟಪ್ಪಣೆ ಮಾಡಿದರು. ಅಪ್ಪಣೆ ಅವರದು, ಕಾರು ಓಡಿಸುವುದು ನನ್ನದು. ಒಂದು ವಾರ ಕೂಡ್ಲಿಗಿ ಕಡೆಯ ಗುಡ್ಡ, ಇನ್ನೊಂದು ವಾರ ಹಡಗಲಿ ರಸ್ತೆ, ನನಗೆ ಮೈಯಲ್ಲಿ ಹುಷಾರಿಲ್ಲದಿದ್ದರೆ ತಂಬ್ರಹಳ್ಳಿಯವರೆಗಾದರೂ. ಅವಳು ಗುಡ್ಡ ಹತ್ತಿ ಇಳಿಯುವವರೆಗೆ ನಾನು ಜಾಲಿ ಮರದ ನೆರಳು ಹುಡುಕಿ ಕಾರಿನಲ್ಲಿ ಕೂತು ತೂಕಡಿಸುತ್ತಿದ್ದೆ. ನನ್ನ ಸೀರೆಗಳಲ್ಲಿ ಗ್ರೀಸು ತಾಗದ ಸೀರೆ ಉಳಿದಿಲ್ಲ.

ಇದಕ್ಕೊಂದು ಕೊನೆ ಕಾಣುವ ದಾರಿ ಹರಪನಹಳ್ಳಿಯ ಆಚೆಯ ಒಂದು ಕಲ್ಲುಗುಡ್ಡದಲ್ಲಿತ್ತು. ಕ್ರೀಡಾ ಹಾಸ್ಟೆಲ್ಲಿಗೆ ಅಲ್ಲಿ ಆಯ್ಕೆ ನಡೆಯುವುದಿತ್ತು. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಅದೇ ಕಡೆಯ ಅವಕಾಶ. ಆಯ್ಕೆಯಾದರೆ ತರಬೇತಿಯೂ ಅವರದೇ, ಸೈಕಲ್ಲು ಹೊರುವ ವ್ಯಾನೂ ಅವರದೇ. ಅವಳಿಗೆ ಗುಡ್ಡ, ನನಗೆ ನಿದ್ದೆ. ದೇವರಲ್ಲಿ ನಾನು ಬೇಡಿಕೊಂಡದ್ದು ಯಾರ ಸಲುವಾಗಿ ಎಂದು ಕೇಳಿದರೆ ಥಟ್ಟನೆ ಹೇಳಲಾರೆ.

ಹಿಂದಿನ ದಿನವೇ ಹೊರಟು ಕೊಟ್ಟೂರಿನಲ್ಲಿ ನನ್ನ ಅಕ್ಕನ ಮನೆಯಲ್ಲಿ ಉಳಿದೆವು. ಕೊಟ್ಟೂರಿನ ಮೇಲೆ ಹಾದು ಅಕ್ಕನ ಮನೆಗೆ ಕಾಲಿಡದೆ ಹೋದರೆ ವರ್ಷಗಟ್ಟಲೆ ಕೇಳಬೇಕಾಗುತ್ತದೆ. ಕಳ್ಳರ ಭಯಕ್ಕೆ ಸೈಕಲ್ಲನ್ನು ಇಳಿಸಿ ಪಡಸಾಲೆಯಲ್ಲಿಟ್ಟೆವು. ಬಿಚ್ಚಿದ ಗಾಲಿಯನ್ನು ಗೋಡೆಗೆ ಆನಿಸಿದೆವು.

ಬೆಳಿಗ್ಗೆ ನಾವು ಏಳುವಷ್ಟರಲ್ಲಿ ಅಕ್ಕ ಜಳಕ ಮಾಡಿ ಸೈಕಲ್ಲಿನ ಪೂಜೆ ಮುಗಿಸಿಬಿಟ್ಟಿದ್ದಳು. ಹ್ಯಾಂಡಲ್ಲಿಗೆ ವಿಭೂತಿಯ ಪಟ್ಟೆ, ಸೀಟಿಗೆ ಮಲ್ಲಿಗೆ ಮಾಲೆ, ಗಾಲಿಗೂ ಕುಂಕುಮದ ಬೊಟ್ಟು. ಮಗಳು ನಕ್ಕು ದೊಡ್ಡವ್ವನ ಕಾಲಿಗೆ ಬಿದ್ದಳು. ಅವಸರದಲ್ಲಿ ಎಲ್ಲವನ್ನೂ ಕಾರಿಗೆ ತುಂಬಿದೆವು. ಅಂದು ಪೆಡಲ್ಲು ಕೂಡ ಅಡ್ಡ ಬರಲಿಲ್ಲ. ಒಳ್ಳೆಯ ಶಕುನ ಅಂದುಕೊಂಡೆ.

ಗುಡ್ಡದ ಬುಡದಲ್ಲಿ ಮಗಳು ಗಾಲಿ ಜೋಡಿಸಿ, ಒಂದು ಸುತ್ತು ತುಳಿದು ಮುಂದಿನ ಬ್ರೇಕು ಹಿಡಿದಳು. ಸೈಕಲ್ಲು ಕಿರ್ರೆಂದು ಅರಚಿತೇ ಹೊರತು ನಿಲ್ಲಲಿಲ್ಲ. ಅವಳು ಇಳಿದು, ಮುಂದಿನ ಗಾಲಿಯ ನಡುವೆ ಬ್ರೇಕು ಕಚ್ಚುವ ಉಕ್ಕಿನ ತಟ್ಟೆಯನ್ನು ಮುಟ್ಟಿ ಬೆರಳು ಮೂಸಿದಳು. ಕೊಬ್ಬರಿ ಎಣ್ಣೆ.

ನನಗೆ ಆಗಲೇ ಎಲ್ಲ ತಿಳಿಯಿತು. ಭಾವನವರದು ದಲಾಲಿ ಅಂಗಡಿ. ನವರಾತ್ರಿಯಲ್ಲಿ ಅಕ್ಕ ಅಲ್ಲಿಯ ತಕ್ಕಡಿ, ತೂಕದ ಕಲ್ಲು, ಚೀಲ ಹೊಲಿಯುವ ದಬ್ಬಣ ಎಲ್ಲಕ್ಕೂ ಮೊದಲು ಎಣ್ಣೆ ಸವರಿ, ಆಮೇಲೆ ವಿಭೂತಿ ಹಚ್ಚುತ್ತಾಳೆ. ಎಣ್ಣೆ ಕಾಣದ ಕಬ್ಬಿಣಕ್ಕೆ ಪೂಜೆ ಸಲ್ಲದು ಎನ್ನುವುದು ನಮ್ಮವ್ವ ನಮ್ಮಿಬ್ಬರಿಗೂ ಕಲಿಸಿದ ಪದ್ಧತಿ. ನಾನೇ ಮೊದಲು ಎದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆನೇನೋ. ಅಕ್ಕನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಸೋಪಿನ ನೀರು ಹಾಕಿ ಸೆರಗಿನಿಂದಲೇ ತಿಕ್ಕಿದೆ. ತಟ್ಟೆ ಹೊಳೆಯಿತು, ಆದರೆ ಬ್ರೇಕಿನ ಒಳಗಿನ ಪ್ಯಾಡುಗಳು ಆಗಲೇ ಎಣ್ಣೆ ಹೀರಿಕೊಂಡಿದ್ದವು. ಹೊಸ ಪ್ಯಾಡು ತರಬೇಕೆಂದರೆ ಹೊಸಪೇಟೆಗೆ ಹೋಗಬೇಕು. ಆಯ್ಕೆ ಮಾಡಲು ಬಂದಿದ್ದವರು ಬಂದು ನೋಡಿ, ಹಿಂದಿನ ಬ್ರೇಕೊಂದರಲ್ಲಿ ಇಳಿಜಾರು ಅಪಾಯ, ಕಳಿಸುವುದು ಬಿಡುವುದು ನಿಮಗೆ ಸೇರಿದ್ದು ಎಂದರು. ಮಗಳು ಆಗಲೇ ಹೆಲ್ಮೆಟ್ಟು ಹಾಕಿಕೊಂಡಿದ್ದಳು. ಎದುರಿಗೆ ಬೋಳು ಬಂಡೆಗಳ ಇಳಿಜಾರು ಕಾಣುತ್ತಿತ್ತು. ನಾನು ಅವಳ ರಟ್ಟೆ ಹಿಡಿದುಕೊಂಡೆ.

"ಹತ್ತಾದು ಹತ್ತು. ಇಳಿಯಾಗ ಮಾತ್ರ ಕೈಯಾಗ ಹಿಡ್ಕಂಡು ನಡಿ. ನನ್ನಾಣಿ ಐತಿ ನೋಡು."

"ನಡದ್ರ ಮುಗೀತಲ್ಲವ್ವ," ಅಂದಳು.

"ಮುಗೀಲಿ."

ಅವಳು ರಟ್ಟೆ ಬಿಡಿಸಿಕೊಂಡು ಹೊರಟಳು. ಏರಿನಲ್ಲಿ ಅವಳು ಎಲ್ಲರಿಗಿಂತ ಮುಂದಿದ್ದಳು. ಗುಡ್ಡದ ನೆತ್ತಿಯಲ್ಲಿ ಮೊದಲು ಕಂಡದ್ದು ಅವಳ ತಲೆಯೇ. ಅಲ್ಲಿ ಅವಳು ನಿಂತಳು. ಒಂದು ಕ್ಷಣ ಕೆಳಗೆ ನೋಡಿದಳು. ಆಮೇಲೆ ಸೀಟಿನಿಂದ ಇಳಿದು, ಸೈಕಲ್ಲನ್ನು ಕೈಯಲ್ಲಿ ಹಿಡಿದು ಒಂದೊಂದೇ ಹೆಜ್ಜೆ ಇಡತೊಡಗಿದಳು. ಹಿಂದಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಅವಳನ್ನು ದಾಟಿ ಧೂಳೆಬ್ಬಿಸಿಕೊಂಡು ಇಳಿದುಹೋದರು. ನೋಡುತ್ತಿದ್ದವರು ಅಯ್ಯೋ ಅಂದರು. ನನಗೆ ಮಾತ್ರ ಹೋದ ಜೀವ ಬಂದಂತಾಯಿತು. ಅವಳ ಸೋಲನ್ನು ಕಂಡು ಸಮಾಧಾನಪಟ್ಟವಳು ಅಲ್ಲಿ ನಾನೊಬ್ಬಳೇ.

ಸೈಕಲ್ಲನ್ನು ಮತ್ತೆ ಕಾರಿಗೆ ತುಂಬಿದೆವು. ಗಾಲಿ ಬಿಚ್ಚುವಾಗಲೂ ರಗ್ಗು ಸರಿ ಮಾಡುವಾಗಲೂ ಅವಳು ಅಳಲಿಲ್ಲ. ಹರಪನಹಳ್ಳಿ ದಾಟಿದ ಮೇಲೆ ಮಾತಾಡಿದಳು. ಎಣ್ಣೆಯ ಸುದ್ದಿ ದೊಡ್ಡವ್ವನ ಮುಂದೆ ಎತ್ತಬೇಡ, ಪಾಪ, ನೊಂದುಕೊಳ್ಳುತ್ತಾಳೆ ಅಂದಳು. ಹೂಂ ಅಂದೆ. ಸ್ವಲ್ಪ ದೂರ ಹೋದ ಮೇಲೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು:

"ಇನ್ಮ್ಯಾಲೆ ನಿನಗ ಐತವಾರ ಸೂಟಿ ಆತು ನೋಡವ್ವ. ಆರಾಮ ಮಲಕ್ಕ."

ಸೈಕಲ್ಲು ಬಿಡುವ ಮಾತದು, ಚುಚ್ಚಬೇಕೆಂದು ಆಡಿದ್ದಲ್ಲ. ತನಗಂತೂ ಸಿಗಲಿಲ್ಲ, ಅವ್ವನಿಗಾದರೂ ಸಿಗಲಿ ಎಂಬ ದನಿ. ಎಷ್ಟು ಭಾನುವಾರ ಗೊಣಗಿದ್ದೆನೋ, ಅಷ್ಟನ್ನೂ ಅವಳು ಕೇಳಿಸಿಕೊಂಡಿದ್ದಳು. ನಾನು ಬಯಸಿದ್ದ ನಿದ್ದೆ ಕೈಗೆ ಬಂದಿತ್ತು, ಅದು ನನಗೆ ಬೇಡವಾಗಿತ್ತು. ದಾರಿ ಮಸುಕಾಗತೊಡಗಿದಾಗ ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ.

ಯಾಕವ್ವ ಅಂದಳು. ಕಣ್ಣು ಎಳೆಯುತ್ತಿವೆ, ಒಂಚೂರು ತಡಿ ಅಂದೆ. ಹಾಗಾದರೆ ಮುಖ ತೊಳಿ, ನೀರು ತರುತ್ತೇನೆ ಎಂದು ಇಳಿದು ಎದುರಿನ ಚಾದಂಗಡಿಗೆ ಹೋದಳು. ಅವಳು ತಿರುಗಿ ಬರುವುದರೊಳಗೆ ಅಳು ಮುಗಿಸಬೇಕಿತ್ತು. ಮುಗಿಯಲಿಲ್ಲ.